ಪಾಳಿಗೆ ಹೊರಟವರಿಗೆ ಮೊದಲ ರೊಟ್ಟಿ

ಭದ್ರಾವತಿಯ ಕಾರ್ಖಾನೆ ಗೇಟಿನ ಎದುರು ಖಾನಾವಳಿಗಳಿಗೇನೂ ಬರವಿರಲಿಲ್ಲ. ಆದರೂ ಜನ ಹುಡುಕಿಕೊಂಡು ಹೋಗುತ್ತಿದ್ದದ್ದು ಮಹಾಂತಮ್ಮನ ಖಾನಾವಳಿಗೆ. ಅವಳ ರೊಟ್ಟಿ ಬೇರೆಯವರದಕ್ಕಿಂತ ದೊಡ್ಡದೇನಲ್ಲ. ಸಾರಂತೂ, ನಿಜ ಹೇಳಬೇಕೆಂದರೆ, ಒಂದೊಂದು ದಿನ ನೀರುನೀರು. ಆದರೆ ಅಲ್ಲಿ ಮಧ್ಯಾಹ್ನ ಎರಡು ಗಂಟೆಯ ಪಾಳಿಗೆ ಹೋಗುವವರಿಗೆ ಮೊದಲು ಬಡಿಸುತ್ತಿದ್ದರು. ಪಾಳಿ ಮುಗಿಸಿದವರು, ರಜೆಯವರು, ಹರಟೆಗೆ ಕೂತವರು ಎಲ್ಲ ಆಮೇಲೆ. ಯಾರು ಮೊದಲು ಬಂದು ಕೂತರು ಅನ್ನುವುದು ಲೆಕ್ಕಕ್ಕೇ ಇರಲಿಲ್ಲ.

ಎಂಟು ವರ್ಷ, ದಿನಾ ಒಂದು ಗಂಟೆಗೆ, ಮಹಾಂತಮ್ಮ ಸೊಸೆ ಬಸವರಾಜೇಶ್ವರಿಗೆ ಅದೊಂದು ಮಾತು ಹೇಳಿಯೇ ಹೇಳುತ್ತಿದ್ದಳು.

"ಕೇಳಿ ಬಡಿಸು ತಾಯಿ. ಪಾಳಿಗೆ ಹೋಗೋರಾ, ಬಂದೋರಾ ಅಂತ."

"ಗೊತ್ತು ಅತ್ತೆ. ನಿನ್ನೇನೂ ಹೇಳಿದ್ರಿ, ಮೊನ್ನೇನೂ ಹೇಳಿದ್ರಿ."

"ನಾಳೇನೂ ಹೇಳ್ತೀನಿ."

ಮಲವಗೊಪ್ಪದಿಂದ ಸೈಕಲ್ ತುಳಿದು ಬರುವ ಕಾರ್ಮಿಕ ಚೌಡಪ್ಪ ನಗುತ್ತಿದ್ದ. "ನಿಮ್ಮತ್ತೆ ನಿದ್ದೇಲೂ ಇದನ್ನೇ ಕನವರಿಸ್ತಾರೇನೋ ಅಕ್ಕ."

"ಕನವರಿಸ್ತಾರೆ. ನಾನೇ ಕೇಳಿದೀನಿ."

ಮಹಾಂತಮ್ಮನೂ ನಗುತ್ತಿದ್ದಳು. ನಗುತ್ತಲೇ ಅವನ ತಟ್ಟೆಗೆ ರೊಟ್ಟಿ ಹಾಕಿರುತ್ತಿದ್ದಳು.

1961ರ ಬೇಸಿಗೆಯಲ್ಲಿ ಅವಳಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಕಣ್ಣು, ಕಿವಿ, ಬುದ್ಧಿ ಮಾತ್ರ ನೆಟ್ಟಗಿದ್ದವು. ಸೊಸೆ ಅವಳನ್ನು ಅಡುಗೆಮನೆ ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂರಿಸುತ್ತಿದ್ದಳು, ಬೇಜಾರಾಗದಿರಲಿ ಅಂತ.

ಮೊದಲ ತಿಂಗಳು ಎಲ್ಲ ಸರಿಯಾಗೇ ಇತ್ತು. ಆಮೇಲೆ ಆ ಕ್ರಮ ಜಾರತೊಡಗಿತು. ಬಸವರಾಜೇಶ್ವರಿಗೆ ಗೊತ್ತಿರಲಿಲ್ಲ ಅಂತಲ್ಲ, ಕೇಳಿದ್ದರೆ ಯಾರಿಗಾದರೂ ಹೇಳಿಕೊಡುತ್ತಿದ್ದಳು. ಆದರೆ ಗದ್ದಲದಲ್ಲಿ ಜೋರಾಗಿ ಕರೆದವನ ಕಡೆಗೆ ಕೈ ಹೋಗುತ್ತದೆ ನೋಡಿ. ಕಂಟ್ರಾಕ್ಟರ್ ಶಿವಮೂರ್ತಪ್ಪ ಮುಂದಿನ ಸಾಲಿನಲ್ಲೇ ಕೂರುತ್ತಿದ್ದ. ಅವನಿಗೆ ಪಾಳಿಯೂ ಇಲ್ಲ, ಅವಸರವೂ ಇಲ್ಲ. "ಇನ್ನೊಂದು ಬಿಸಿ ರೊಟ್ಟಿ ಬರ್ಲಿ ತಾಯಿ" ಎಂದರೆ ಬರುತ್ತಿತ್ತು. ಚೌಡಪ್ಪ ಹಿಂದಿನ ಸಾಲಿನಲ್ಲಿ ಸುಮ್ಮನೆ ಕಾಯುತ್ತಿದ್ದ. ಎಂಟು ವರ್ಷದಲ್ಲಿ ಕೇಳಿ ಹಾಕಿಸಿಕೊಂಡು ಅವನಿಗೆ ಅಭ್ಯಾಸವಿರಲಿಲ್ಲ.

ಒಂದು ದಿನ ಐದು ನಿಮಿಷ ತಡವಾಗಿ, ಗೇಟಿನಿಂದ ವಾಪಸ್ಸು ಬಂದ.

"ಒಳಗೆ ಬಿಡ್ಲಿಲ್ಲ ಅಕ್ಕ."

"ಅಯ್ಯೋ ಮಾರಾಯ, ಒಂದು ಮಾತು ಹೇಳ್ಬಾರ್ದಾ? ನಾಳೆಯಿಂದ ನೋಡ್ಕೋತೀನಿ."

ಎರಡು ದಿನ ನೋಡಿಕೊಂಡಳು. ಮೂರನೇ ದಿನ ಮತ್ತೆ ಅದೇ ಕಥೆ. ಸೋಮವಾರ ಚೌಡಪ್ಪ ಎದುರು ಹೋಟೆಲಿನ ಮುಂದೆ ಸೈಕಲ್ ನಿಲ್ಲಿಸಿದ. ಕುರ್ಚಿಯಲ್ಲಿದ್ದ ಮಹಾಂತಮ್ಮನ ಕಡೆ ನೋಡಿ, ತಲೆ ತಗ್ಗಿಸಿ ಒಳಗೆ ಹೋದ. ವಾರದೊಳಗೆ ಇನ್ನೂ ನಾಲ್ಕು ಜನ ಅವನ ಹಿಂದೆ ಹೋದರು. ಈ ಖಾನಾವಳಿ ನಿಂತರೆ ಮನೆಗೆ ಬೇರೆ ಗತಿಯಿಲ್ಲ ಎಂಬುದು ಮಹಾಂತಮ್ಮನಿಗೆ ಗೊತ್ತಿತ್ತು.

ಶುಕ್ರವಾರ ಒಂದೂವರೆಗೆ ಹಿಂದಿನ ಸಾಲಿನಲ್ಲಿ ಪಾಳಿಗೆ ಹೊರಟ ಖಾಕಿ ಬಟ್ಟೆಯ ಕಾರ್ಮಿಕರಿಬ್ಬರು ಖಾಲಿ ತಟ್ಟೆ ಮುಂದಿಟ್ಟುಕೊಂಡು ಗಡಿಯಾರ ನೋಡುತ್ತಿದ್ದರು. ಶಿವಮೂರ್ತಪ್ಪನಿಗೆ ಮೂರನೇ ರೊಟ್ಟಿ ಬಿತ್ತು. ಮಹಾಂತಮ್ಮ ಎಡಗೈಯಲ್ಲಿ ಲೋಟ ಹಿಡಿದು ಗೋಡೆಗೆ ಬಡಿದಳು. ಇನ್ನೊಂದು ಸಲ ಬಡಿದಳು.

ಬಸವರಾಜೇಶ್ವರಿ ಕೈಲಿದ್ದದ್ದನ್ನು ಬಿಟ್ಟು ಓಡಿ ಬಂದಳು. "ನೀರು ಬೇಕಾ ಅತ್ತೆ?"

ಮಹಾಂತಮ್ಮ ತಲೆಯಾಡಿಸಿದಳು, ಇಲ್ಲ ಅಂತ. ಕಣ್ಣನ್ನು ಹಿಂದಿನ ಸಾಲಿನ ಕಡೆ ತಿರುಗಿಸಿದಳು.

"ಸೆಕೆನಾ? ಒಳಗೆ ಮಲಗ್ತೀರಾ?"

ಇಲ್ಲ. ಮತ್ತೆ ಕಣ್ಣು ಹಿಂದಿನ ಸಾಲಿಗೆ. ಬಾಯಿಂದ ಹೊರಟದ್ದು ಬರೀ ಗೊರಗೊರ ಸದ್ದು.

"ಗಂಟ್ಲು ಒಣಗಿದೆ ಪಾಪ" ಎನ್ನುತ್ತ ಸೊಸೆ ಲೋಟ ತುಂಬಿ ತಂದು, ಅತ್ತೆಯ ಗದ್ದ ಹಿಡಿದು, ಮಗುವಿಗೆ ಕುಡಿಸುವ ಹಾಗೆ ನಿಧಾನಕ್ಕೆ ಕುಡಿಸಿದಳು. ಸೆರಗಿನಿಂದ ಬಾಯಿ ಒರೆಸಿದಳು. ಅವಳ ಹೆಗಲ ಆಚೆ ಖಾಕಿಯವರಿಬ್ಬರೂ ಎದ್ದು, ರಸ್ತೆ ದಾಟಿ ಎದುರು ಹೋಟೆಲಿಗೆ ಹೋದರು. ಮಹಾಂತಮ್ಮ ಉಳಿದ ನೀರನ್ನೂ ನುಂಗಿದಳು.