ತಲೆಯ ಮೇಲೆ ಹೊತ್ತು ತಂದ ಬಾಗಿಲು

ಮುದುಕಿಯೊಬ್ಬಳು ತನ್ನ ಮನೆಯ ಬಾಗಿಲನ್ನೇ ತಲೆಯ ಮೇಲೆ ಹೊತ್ತು ಚಾವಡಿಯೊಳಗೆ ಬಂದಳು. ಅದು ಎರಡನೇ ಮಹಾಯುದ್ಧದ ಕಾಲ. ಹಿರೇಕೆರೂರು ತಾಲೂಕಿನ ಆ ಹಳ್ಳಿಯಲ್ಲಿ ಕಂಟ್ರೋಲ್ ಜೋಳದ ರೇಷನ್ ಕಾರ್ಡು ಬರೆಯುವವನು ನಾನು. ಮನೆ ಬಿದ್ದು ಗುಡಿಯ ಕಟ್ಟೆಯ ಮೇಲೆ ಮಲಗುತ್ತಿದ್ದ ಅವಳಿಗೆ, ಬಾಗಿಲ ಮೇಲೆ ನಂಬರ್ ಇಲ್ಲದೆ ಕಾರ್ಡು ಸಿಗದೆಂದು ಹಿಂದಿನ ದಿನ ಹೇಳಿ ಕಳಿಸಿದ್ದೆ.

“ಬಾಗಲಾ ತಂದೇನ್ರಿ ಸಾಹೇಬ್ರ. ನಂಬರ್ ಬರೀರಿ.”

ಕುಳಿತವರೆಲ್ಲ ನಕ್ಕರು. ನಾನೂ ನಕ್ಕೆ. “ನಂಬರ್ ಮನೀಗೆ ಕೊಡ್ತಾರ ಬೇ, ಹಲಗೀಗೆ ಅಲ್ಲ.”

“ಉಣ್ಣಾಕಿ ನಾನರಿ, ಮನಿ ಅಲ್ಲ” ಎಂದಳು. ಮರಳಿ ಹೊರುವ ಶಕ್ತಿಯಿಲ್ಲದೆ ಬಾಗಿಲನ್ನು ಗೋಡೆಗೆ ಒರಗಿಸಿ ಹೋದಳು.

ಮನೆಯಿಲ್ಲದವರಿಗೂ ಕಾರ್ಡು ಕೊಡಬಹುದೆಂಬ ಹುಕುಂ ನನ್ನ ಕಡತದಲ್ಲೇ ಇತ್ತು. ಅದಕ್ಕೆ ಹಿರೇಕೆರೂರಿಗೆ ನಡೆದು ಹೋಗಿ ಮೇಲಿನವರ ಸಹಿ ತರಬೇಕಿತ್ತು. ಅಷ್ಟು ದೂರ ನಡೆಯಲು ನನಗೆ ಬೇಸರವಾಗಿತ್ತು, ಅಷ್ಟೇ. ವಾರದ ಮೇಲೆ ಸಹಿ ಮಾಡಿಸಿ ತಂದಾಗ ಕಟ್ಟೆ ಖಾಲಿಯಿತ್ತು. ಅವಳು ಎಲ್ಲಿ ಹೋದಳೆಂದು ಯಾರಿಗೂ ಗೊತ್ತಿರಲಿಲ್ಲ.

ಬಾಗಿಲು ಚಾವಡಿಯಲ್ಲೇ ಉಳಿಯಿತು. ಎರಡು ಕಲ್ಲಿನ ಮೇಲೆ ಅದನ್ನಿಟ್ಟುಕೊಂಡು, ಯುದ್ಧ ಮುಗಿಯುವವರೆಗೂ ಊರಿನವರ ಕಾರ್ಡುಗಳನ್ನು ಅದರ ಮೇಲೆಯೇ ಬರೆದೆ.