ಭತ್ತದ ಲೆಕ್ಕದಲ್ಲಿ ಎತ್ತಿಸಿದ ಗಾಡಿ

ನಾನು ಮೊದಲಿನಿಂದಲೂ ಅಂಜುಬುರುಕ. ಬಾವಿಗೆ ಇಣುಕಬೇಕಾದರೆ ಈಗಲೂ ಯಾರದಾದರೂ ಕೈ ಹಿಡಿದುಕೊಳ್ಳುತ್ತೇನೆ. ಇಂಥವನಿಗೆ ಬೆಟ್ಟದ ಬುಡದಲ್ಲಿ ಡೇರೆ ಹಾಕಿ ಮಲಗುವ ಹುಚ್ಚು ಹೇಗೆ ಹತ್ತಿತೋ ನನಗೇ ಗೊತ್ತಿಲ್ಲ. ಬಳ್ಳಾರಿಯಲ್ಲಿ ನನ್ನದು ಜೀನ್ಸ್ ಹೊಲಿಸುವ ಸಣ್ಣ ಶೆಡ್ಡು. ವಾರವೆಲ್ಲ ಪ್ಯಾಂಟಿನ ಗಂಟು ಹೊರುವ ಪಿಕಪ್ಪಿಗೆ ಶನಿವಾರ ಮಧ್ಯಾಹ್ನ ಡೇರೆ, ಗ್ಯಾಸ್ ಒಲೆ, ನೀರಿನ ಕ್ಯಾನು ಹಾಕಿಕೊಂಡು, ಹೆಂಡತಿಯನ್ನೂ ಹತ್ತು ವರ್ಷದ ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಸಂಗನಕಲ್ಲಿನ ಕಡೆಗೋ ಕುರುಗೋಡಿನ ಕಡೆಗೋ ಹೊರಟುಬಿಡುತ್ತಿದ್ದೆ.

ಗಾಡಿಯ ಹೊಟ್ಟೆ ಮಾತ್ರ ನೆಲಕ್ಕೆ ತೀರಾ ಹತ್ತಿರ. ಬಂಡೆ ಎದ್ದ ದಾರಿಯಲ್ಲಿ ಹಿಂದಿನ ಡೀಸೆಲ್ ಟ್ಯಾಂಕಿನ ತಳ ಕರ್ರ್ ಎಂದು ಕಲ್ಲಿಗೆ ಉಜ್ಜಿದಾಗಲೆಲ್ಲ ನನ್ನ ಹೊಟ್ಟೆಯೇ ಉಜ್ಜಿದಂತಾಗುತ್ತಿತ್ತು. ಅಲ್ಲಿ ಎಣ್ಣೆ ಸೋರಿ ಗಾಡಿ ನಿಂತುಬಿಟ್ಟರೆ ಈ ಇಬ್ಬರನ್ನು ಕಟ್ಟಿಕೊಂಡು ಏನು ಮಾಡಲಿ ಎಂಬ ಹೆದರಿಕೆ. ಆ ಹೆದರಿಕೆಗೇ ಗಾಡಿಯನ್ನು ಎತ್ತಿಸಬೇಕೆಂದು ತೀರ್ಮಾನಿಸಿದೆ.

ಮೊದಲು ಬಳ್ಳಾರಿಯ ಒಂದು ಬಿಡಿಭಾಗದ ಅಂಗಡಿಗೆ ಹೋದೆ. ಅಂಗಡಿಯವನು ದೊಡ್ಡ ಡಬ್ಬಿಯೊಂದನ್ನು ಬಿಚ್ಚಿದ. ಅದರಲ್ಲಿ ಸ್ಪ್ರಿಂಗಿನ ಹೊಸ ಪಟ್ಟಿಗಳು, ಶಾಕ್ ಅಬ್ಸಾರ್ಬರ್, ಉದ್ದ ಬೋಲ್ಟು, ಜೊತೆಗೆ ಮೊಳದುದ್ದದ ರಬ್ಬರ್ ಪೈಪು. ಬ್ರೇಕಿನ ಎಣ್ಣೆ ಚಕ್ರಕ್ಕೆ ಹೋಗುವ ಪೈಪಂತೆ. "ಗಾಡಿ ಎತ್ತರ ಆದ್ರ ಇದೂ ಉದ್ದ ಆಗಬೇಕ್ರಿ" ಎಂದ. ಬೆಲೆ ಕೇಳಿ ಬಾಯಿ ಒಣಗಿತು. ಡಬ್ಬಿ ದೊಡ್ಡದು ಕಾಣಲಿ ಅಂತ ಪೈಪು ಗೀಪು ತುಂಬಿದ್ದಾನೆ ಅಂದುಕೊಂಡು ಎದ್ದು ಬಂದೆ. ಎಷ್ಟು ಜಾಣ ನಾನು!

ದಾರಿ ತೋರಿಸಿದವರು ಕರೂರಿನ ನಮ್ಮ ಮಾವ. "ಅಷ್ಟ್ಯಾಕ ಸುರೀತೀರಿ ಅಳಿಯಂದ್ರ? ನಮ್ಮ ಕಡೀ ಗಾಡಿ ಎಲ್ಲಾ ಸಿರುಗುಪ್ಪದಾಗ ಎತ್ತಿಸ್ತಾರ. ಪಟ್ಟಿ ಸೇರಿಸಿ, ಕೆಳಗ ಒಂದು ಕಬ್ಬಿಣದ ತುಂಡು ಇಟ್ರ ಮುಗೀತು" ಎಂದರು. ಮಾವನ ಜೊತೆಯೇ ಹೋದೆ. ಮೆಕ್ಯಾನಿಕ್ ಐವತ್ತು ದಾಟಿದ ಸಾವಧಾನದ ಮನುಷ್ಯ. ಅವನ ಶೆಡ್ಡಿನ ಮುಂದೆ ಉಸುಕು ತುಂಬಿದ ಚೀಲಗಳು ಸಾಲಾಗಿ ಬಿದ್ದಿದ್ದವು. ಭತ್ತದ ಸೀಮೆಯಲ್ಲಿ ಪಿಕಪ್ ಖಾಲಿ ಓಡುವುದು ಅಪರೂಪ. ಅದಕ್ಕೇ ಅವನು ಭತ್ತದ ತೂಕದಷ್ಟು ಉಸುಕಿನ ಚೀಲ ಹೇರಿ, ಗಾಡಿ ಕುಗ್ಗಿದ ಮೇಲೆಯೇ ಎತ್ತರ ಅಳೆದು, ಪೈಪು ವೈರು ಎಲ್ಲಾ ನೋಡಿ ಬಿಗಿ ಮಾಡುತ್ತಿದ್ದ.

"ಏನ್ ಲೋಡ್ ಹಾಕ್ತೀರಿ?" ಎಂದು ಕೇಳಿದ.

ಶೆಡ್ಡಿನಲ್ಲಿ ನಾಲ್ಕೈದು ರೈತರು ಚಹಾ ಕುಡಿಯುತ್ತ ಕೂತಿದ್ದರು. ರಾತ್ರಿಯೆಲ್ಲ ನೀರು ಕಟ್ಟಲು ಹೊಲದಲ್ಲಿ ಒದ್ದಾಡಿ, ಮನೆಗೆ ಹೋಗಿ ಮಲಗಿದರೆ ಸಾಕಪ್ಪ ಅನ್ನುವ ಜನ. ಅವರ ಎದುರಿಗೆ, ಮನೆಯಲ್ಲಿ ಮಂಚ ಫ್ಯಾನು ಇದ್ದೂ ಬಯಲಲ್ಲಿ ಮಲಗುವುದಕ್ಕೆ ಗಾಡಿ ಎತ್ತಿಸುತ್ತಿದ್ದೇನೆ ಅಂತ ಹೇಗೆ ಹೇಳಲಿ? ಮಾವ ಸ್ಕೂಟರ್ ನಿಲ್ಲಿಸಲು ಹೊರಗೆ ಹೋಗಿದ್ದರು.

"ಭತ್ತ" ಅಂದುಬಿಟ್ಟೆ.

ಮೆಕ್ಯಾನಿಕ್ ಚೀಲ ಹೇರಿಸಿದ, ಅಳೆದ, ಬಿಗಿದ, ಚೀಲ ಇಳಿಸಿದ. ಗಾಡಿಯ ಹಿಂಭಾಗ ಮೇಲೆದ್ದಿತು. ನನಗೆ ಎಲ್ಲಿಲ್ಲದ ಹೆಮ್ಮೆ. ಬಳ್ಳಾರಿಗೆ ಬರುವಷ್ಟರಲ್ಲಿ ಹಿಂದಿನ ಚಕ್ರಗಳು ಒಂದೊಂದು ಹಳ್ಳಕ್ಕೂ ಎಗರಿ ಎಗರಿ ಬೀಳುತ್ತಿದ್ದವು. ಹೊಸ ಪಟ್ಟಿ, ಬಿರುಸು ಇರುತ್ತೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. "ಇದು ಸರಿ ಐತೇನ್ರಿ?" ಎಂದು ಆಮೇಲೆ ಗಾಡಿ ಹತ್ತಿದ ಹೆಂಡತಿ ಕೇಳಿದಾಗ ಅವಳಿಗೂ ಅದನ್ನೇ ಹೇಳಿದೆ.

ಅದಾದ ಎರಡನೇ ಭಾನುವಾರ. ಕುರುಗೋಡಿನಾಚೆ ಒಂದು ಗುಡ್ಡದ ಮೇಲಿನ ಸಮತಟ್ಟಿನಲ್ಲಿ ರಾತ್ರಿ ತಂಗಿ, ಬೆಳಿಗ್ಗೆ ಉಪ್ಪಿಟ್ಟು ತಿಂದು ಇಳಿಯುತ್ತಿದ್ದೆವು. ಕಲ್ಲು ತೆಗೆಯುವವರು ಮಾಡಿಕೊಂಡ ಕಡಿದಾದ ಜಲ್ಲಿ ದಾರಿ. ಕೆಳಗಿನ ತಿರುವಿನಲ್ಲಿ ಅವರು ಕಲ್ಲು ತೆಗೆದು ಬಿಟ್ಟುಹೋದ ಹೊಂಡ, ತುಂಬ ಹಸಿರು ನೀರು. ಮಗಳು ನಡುವೆ ಕೂತು ಕಡಲೆಬೀಜ ಸುಲಿದು ಸುಲಿದು ನನ್ನ ಬಾಯಿಗೆ ಹಾಕುತ್ತಿದ್ದಳು. ಎಡಗಡೆಯ ಹಿಂದಿನ ಚಕ್ರ ಒಂದು ಕೊರಕಲಿಗೆ ಧೊಪ್ಪೆಂದು ಇಳಿದು, ಒಂದು ಕ್ಷಣ ತೂಗಿ, ಮೇಲೆದ್ದಿತು. ತಿರುವು ಬಂತೆಂದು ಬ್ರೇಕ್ ಒತ್ತಿದೆ. ಕಾಲು ನೆಲದವರೆಗೆ ಹೋಯಿತು.

ಮತ್ತೆ ಒತ್ತಿದೆ. ಗಾಡಿ ಒಂಚೂರು ತಡವರಿಸಿದಂತೆ ಮಾಡಿ ಮತ್ತೆ ಓಡಿತು. ಹ್ಯಾಂಡ್ ಬ್ರೇಕ್ ಎಳೆದರೆ ಹಿಂದಿನ ಹಗುರ ಚಕ್ರಗಳು ಜಲ್ಲಿಯ ಮೇಲೆ ಸರ್ರನೆ ಜಾರಿದವು. ಹಸಿರು ನೀರು ಕಣ್ಣೆದುರಿಗೆ ದೊಡ್ಡದಾಗುತ್ತಿತ್ತು. ಜೀವ ಬಾಯಿಗೆ ಬರುವುದು ಅಂದರೆ ಏನೆಂದು ಅವತ್ತು ತಿಳಿಯಿತು. ಕೂಗೋಣವೆಂದರೆ ಬಾಯಲ್ಲಿ ಕಡಲೆಬೀಜ. ಮಗಳು ಕಿರುಚಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು. ಅಪ್ಪ ಏನೋ ಮಾಡುತ್ತಾನೆ ಅಂತ ಕಾಯುತ್ತಿದ್ದಳು. ಅದಕ್ಕಿಂತ ದೊಡ್ಡ ಭಯವನ್ನು ನಾನು ಕಂಡಿಲ್ಲ. ಗೇರನ್ನು ಕಟಕಟ ಕೆಳಕ್ಕೆ ತಂದು, ಸ್ಟಿಯರಿಂಗನ್ನು ಗುಡ್ಡದ ಕಡೆಗೆ ತಿರುಗಿಸಿದೆ. ಗಾಡಿ ದಾರಿ ಬಿಟ್ಟು ಬಳ್ಳಾರಿ ಜಾಲಿಯ ದೊಡ್ಡ ಪೊದೆಯೊಳಗೆ ನುಗ್ಗಿ, ಮುಳ್ಳುಗಳೆಲ್ಲ ಗಾಜಿಗೆ ಪರಪರ ಎಂದು, ನಿಂತಿತು.

ಹೆಂಡತಿ ಮಗಳ ಮೈಯೆಲ್ಲ ಮುಟ್ಟಿ ಮುಟ್ಟಿ ನೋಡಿದಳು. ನಾನು ಇಳಿದು ಹಿಂದಿನ ಚಕ್ರದ ಪಕ್ಕ ಕೂತೆ. ಕೂತಲ್ಲಿಂದ ಗಾಡಿಯ ಕೆಳಗೆ ಕಂಡಿತು: ಹಿಂದಿನ ರಬ್ಬರ್ ಪೈಪು ಎರಡು ತುಂಡಾಗಿ, ಎಣ್ಣೆ ತೊಟ್ಟಿಕ್ಕುತ್ತಿತ್ತು.

ಹೆಂಡತಿಯನ್ನೂ ಮಗಳನ್ನೂ ಬಸ್ಸಿಗೆ ಹತ್ತಿಸಿದೆ. ಕುರುಗೋಡಿನಿಂದ ಬಂದ ಮೆಕ್ಯಾನಿಕ್ಕೊಬ್ಬ ಅಲ್ಲೇ ಬೇರೆ ಪೈಪು ಕಟ್ಟಿಕೊಟ್ಟ. ಸುದ್ದಿ ಕರೂರಿಗೆ ಮುಟ್ಟಿತು. ಮರುದಿನ ಮಾವ ಸಿರುಗುಪ್ಪದ ಶೆಡ್ಡಿಗೆ ನಮ್ಮನ್ನೆಲ್ಲ ಕರೆಸಿಕೊಂಡು, ಮೆಕ್ಯಾನಿಕ್ಕಿನ ಮೇಲೆ ಹರಿಹಾಯ್ದರು.

"ಲೇ, ನನ್ನ ಮಗಳು, ಮೊಮ್ಮಗಳು ಇದ್ರಲೇ ಅದರಾಗ! ಎಂಥಾ ಕೆಲಸ ಮಾಡಿ ಕಳಿಸೀಯಲೇ?"

ಅವನು ನಾನು ತಂದಿದ್ದ ಹರಿದ ಪೈಪು ನೋಡಿ, ಗಾಡಿಯ ಕೆಳಗೆ ಹೋಗಿ ಬಂದು, ಕೈ ಒರೆಸಿಕೊಳ್ಳುತ್ತ ತಲೆ ತಗ್ಗಿಸಿ ನಿಂತ. "ತಪ್ಪಾತ್ರಿ ಯಜಮಾನ್ರ. ಭತ್ತದ ಭಾರಕ್ಕ ಅಳದ ಪೈಪು, ಖಾಲಿ ಗಾಡಿ ಎದ್ದಾಗ ಗಿಡ್ಡ ಬಿದ್ದೈತಿ. ನಾ ನೋಡಬೇಕಿತ್ತು."

ಅಷ್ಟು ಅಂದುಬಿಟ್ಟ. ನಾನು ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಸುಮ್ಮನೆ ಇದ್ದೆ ಕೂಡ. ಎಷ್ಟು ಹೊತ್ತೋ, ಮಾವ ಇನ್ನೂ ನಾಲ್ಕು ಮಾತು ಬೈಯುವಷ್ಟು ಹೊತ್ತು. ಮಗಳು ಆ ಮನುಷ್ಯನನ್ನು ದುರುಗುಟ್ಟಿ ನೋಡುತ್ತಿರುವುದು ಕಂಡಾಗ ಇನ್ನು ತಡೆಯಲಾಗಲಿಲ್ಲ.

"ಅವರದೇನೂ ತಪ್ಪಿಲ್ಲ ಮಾವ. ಲೋಡ್ ಏನಂತ ಕೇಳಿದ್ರು. ನಾನೇ ಭತ್ತ ಅಂತ ಸುಳ್ಳು ಹೇಳಿದೆ. ಬಯಲಾಗ ಮಲಗಾಕ ಅಂದ್ರ ನಗ್ತಾರ ಅಂತ."

ಹೆಂಡತಿ ನನ್ನನ್ನು ನೋಡಿದಳು, ಆಮೇಲೆ ನೋಡಲಿಲ್ಲ. ಮೆಕ್ಯಾನಿಕ್ ಮೆಲ್ಲಗೆ ಹೇಳಿದ:

"ನಗ್ತಿದ್ವಿ ಬಿಡ್ರಿ. ಯಾಕ ಸುಳ್ಳು ಹೇಳ್ಲಿ? ನಕ್ಕು, ಪೈಪು ಉದ್ದಂದು ಹಾಕಿ ಕಳಿಸ್ತಿದ್ವಿ."

ಅವನೇ ಕಬ್ಬಿಣದ ತುಂಡು ತೆಗೆದ, ಹೆಚ್ಚಿನ ಪಟ್ಟಿ ಬಿಚ್ಚಿದ, ಪೈಪು ಸರಿ ಕೂರಿಸಿದ, ಖಾಲಿ ಗಾಡಿಯನ್ನು ಜಾಕಿನ ಮೇಲೆ ಎತ್ತಿ ಇಳಿಸಿ ಎರಡೆರಡು ಸಲ ನೋಡಿದ. ಗಾಡಿ ಹಳೆಯ ಎತ್ತರಕ್ಕೆ ಬಂತು.

ನಾಲ್ಕು ತಿಂಗಳಾದ ಮೇಲೆ ಮಗಳೇ ಹಟ ಹಿಡಿದು ಮತ್ತೆ ಡೇರೆ ಕಟ್ಟಿಸಿದಳು. ಹೊರಡುವ ಮುಂಚೆ ಬ್ರೇಕ್ ಒತ್ತಿ ತೋರಿಸಿ, "ಎಲ್ಲಾ ಸರಿ ಐತಿ, ಹತ್ರಿ" ಎಂದೆ. ಹೆಂಡತಿ ಬಾಗಿಲ ಹತ್ತಿರ ನಿಂತೇ ಇದ್ದಳು. ಮಗಳು ಹಿಂದೆ ಹೋಗಿ, ಮಣ್ಣಲ್ಲಿ ಅಂಗಾತ ಮಲಗಿ ಚಕ್ರದ ಒಳಗೆ ಪೈಪಿನ ಕಡೆ ಇಣುಕಿದಳು. "ಅಪ್ಪ, ಈಗ ಒತ್ತು" ಎಂದಳು. ಒತ್ತಿದೆ. "ಬಿಡು." ಬಿಟ್ಟೆ. ಎದ್ದು ಲಂಗ ಕೊಡವಿಕೊಂಡು ಅಮ್ಮನ ಕಡೆ ನೋಡಿ ತಲೆ ಆಡಿಸಿದಳು. ಆಗ ನನ್ನ ಹೆಂಡತಿ ಗಾಡಿ ಹತ್ತಿದಳು. ಈಗಲೂ ಹಾಗೆಯೇ ನಡೆದಿದೆ. ಮಗಳು ತಲೆ ಆಡಿಸುವ ತನಕ ಅವಳು ಹತ್ತುವುದಿಲ್ಲ, ನಾನೂ ಹತ್ತು ಅನ್ನುವುದಿಲ್ಲ.