ಗುಡ್ಡ ಹತ್ತಿ ಬಂದ ಕಪ್ಪು ಬಿಳುಪು ಟಿ.ವಿ.

2003ರ ಶ್ರಾವಣದಲ್ಲಿ ನಾನು ಗೋಕಾಕದ ಗುಡ್ಡದ ಮೇಲಿನ ಟಿ.ವಿ. ಮರುಪ್ರಸಾರ ಕೇಂದ್ರದಲ್ಲಿ ತಾತ್ಕಾಲಿಕ ಇಂಜಿನಿಯರ್ ಆಗಿದ್ದೆ. ಉಪಗ್ರಹದಿಂದ ಬಂದ ಕಾರ್ಯಕ್ರಮವನ್ನು ಹಿಡಿದು, ಎತ್ತರದ ಕಂಬದ ಮೂಲಕ ಸುತ್ತಲಿನ ಊರುಗಳಿಗೆ ಕಳಿಸುವುದು ನಮ್ಮ ಕೆಲಸ. ಆರು ತಿಂಗಳಿಗೊಮ್ಮೆ ನನ್ನ ನೇಮಕದ ಆದೇಶ ಮುಂದುವರಿಯುತ್ತಿತ್ತು. ಅಷ್ಟರಲ್ಲಿ ಊರಿನ ತುಂಬ ಕೇಬಲ್ ತಂತಿ ಹಬ್ಬಿತ್ತು. ನನ್ನ ಜೊತೆ ಓದಿದವರು ಬೇರೆ ದಾರಿ ಹಿಡಿದಿದ್ದರು. ಕೇಂದ್ರದ ಹಿರಿಯರನ್ನು ನಾನು ಕಾಕಾ ಎಂದೇ ಕರೆಯುತ್ತಿದ್ದೆ. ಅವರು ಚಹಾ ಕುಡಿಯುವಾಗಲೆಲ್ಲ ಹೇಳುತ್ತಿದ್ದರು: "ನಾ ರಿಟೈರ್ ಆದ ದಿನಾ ಈ ಕುರ್ಚಿನೂ ರಿಟೈರ್ ಆಗ್ತೈತಿ. ನೀ ನಿನ್ನ ಕುರ್ಚಿ ಬ್ಯಾರೆ ಕಡೆ ನೋಡ್ಕೊ ತಂಗಿ."

ಸಂಕೇಶ್ವರದಲ್ಲಿ ನಮ್ಮ ತಂದೆಗೆ ಬಟ್ಟೆಯ ಅಂಗಡಿ. ಬಂದ ಗಿರಾಕಿಗಳಿಗೆಲ್ಲ ಅವರು, "ನಮ್ಮ ಹುಡುಗಿ ಬಟನ್ ಒತ್ತಿದ್ರನ ಮನಿ ಮನ್ಯಾಗ ಟಿವಿ ಬರ್ತೈತಿ" ಎನ್ನುತ್ತಿದ್ದರು. ನನ್ನ ಕೆಲಸ ಕಾಯಂ ಎಂದೂ ಹೇಳಿಬಿಟ್ಟಿದ್ದರು. ನಾನು ತಿದ್ದಲಿಲ್ಲ. ಅದರ ಬದಲು ಬಸದಿಗೆ ಹೋಗಿ, ಕೆಲಸ ಕಾಯಂ ಆಗುವವರೆಗೆ ಬೆಲ್ಲ ತಿನ್ನುವುದಿಲ್ಲ ಎಂದು ಪದ್ಮಾವತಿ ಅಮ್ಮನ ಮುಂದೆ ನಿಯಮ ತೆಗೆದುಕೊಂಡೆ. ಸುಳ್ಳನ್ನು ಅಮ್ಮನೇ ಖರೆ ಮಾಡಿಕೊಡಲಿ ಎಂಬುದು ನನ್ನ ಬೇಡಿಕೆಯಾಗಿತ್ತು. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಆ ಶನಿವಾರ ಕಾಕಾ ರಜೆಯ ಮೇಲೆ ಹೋದರು. ಮಧ್ಯಾಹ್ನ ನಾನೊಬ್ಬಳೇ ಯಂತ್ರದ ತಪಾಸಣೆ ಮಾಡಿದೆ. ತಪಾಸಣೆಯ ವೇಳೆ ಯಂತ್ರದ ಶಕ್ತಿಯನ್ನು ಕಂಬಕ್ಕೆ ಬಿಡದೆ, ಡಮ್ಮಿ ಲೋಡ್ ಎಂಬ ಪೆಟ್ಟಿಗೆಗೆ ತಿರುಗಿಸುತ್ತೇವೆ. ಆ ಪೆಟ್ಟಿಗೆ ಎಲ್ಲವನ್ನೂ ನುಂಗಿ ಬಿಸಿಯಾಗುತ್ತದೆ, ಅಷ್ಟೆ. ಕೆಲಸ ಮುಗಿದ ಮೇಲೆ ಮತ್ತೆ ಕಂಬದ ಕಡೆ ತಿರುಗಿಸಬೇಕು. ನಾನು ಮರೆತೆ.

ಯಂತ್ರದ ಮುಳ್ಳುಗಳೆಲ್ಲ ಸರಿಯಾಗಿಯೇ ನಿಂತಿದ್ದವು. ತಾಸಿಗೊಮ್ಮೆ ಅವನ್ನು ದಾಖಲೆ ಪುಸ್ತಕದಲ್ಲಿ ಅಂದವಾಗಿ ಬರೆದೆ. ಹೊರಗಿನ ಗಾಳಿಯಿಂದ ಚಿತ್ರ ಹಿಡಿಯುವ ಇನ್ನೊಂದು ಟಿ.ವಿ. ಮೂಲೆಯಲ್ಲಿತ್ತು. ದಿನಕ್ಕೆರಡು ಸಲ ಅದನ್ನು ಹಚ್ಚಿ ನೋಡಬೇಕೆಂಬುದು ಕೇಂದ್ರದ ಕ್ರಮ. ಯಾರು ನೋಡುತ್ತಾರೆ ಎಂಬ ಬೇಸರದಲ್ಲಿ ನಾನು ಅದನ್ನು ಬಿಟ್ಟು ಎಷ್ಟೋ ವಾರಗಳಾಗಿದ್ದವು.

ಸೋಮವಾರ ಬೆಳಿಗ್ಗೆ ಪೆಟ್ಟಿಗೆಯ ಮೇಲೆ ಕೈ ಇಟ್ಟಾಗ ಸುಟ್ಟಿತು. ಕೂಡಲೇ ಕಂಬಕ್ಕೆ ತಿರುಗಿಸಿದೆ. ಸುಮಾರು ಎರಡು ದಿನ ನಮ್ಮ ಕೇಂದ್ರದಿಂದ ಒಂದು ಚಿತ್ರವೂ ಹೊರಗೆ ಹೋಗಿರಲಿಲ್ಲ. ಆಮೇಲೆ ಫೋನು ನೋಡಿದೆ. ಈ ಎರಡು ದಿನ ಅದು ಒಮ್ಮೆಯೂ ರಿಂಗಣಿಸಿರಲಿಲ್ಲ. ಯಾರಿಗೂ ಗೊತ್ತಿಲ್ಲ, ನಾನು ಉಳಿದೆ ಎಂದು ಸಮಾಧಾನಪಟ್ಟೆ. ಆ ಸಮಾಧಾನ ಸಂಜೆಯವರೆಗೂ ಉಳಿಯಲಿಲ್ಲ. ಇಷ್ಟೂ ಊರುಗಳಲ್ಲಿ ಒಬ್ಬರಿಗೂ ನಮ್ಮ ಕೊರತೆ ಕಾಣಲಿಲ್ಲವೆಂದರೆ ನಾನು ಕಾಯಂ ಆಗಬೇಕೆಂದು ಬೇಡುತ್ತಿರುವುದು ಯಾತಕ್ಕೆ?

ಅಂದು ಬಸದಿಯಲ್ಲಿ ನಿಂತಾಗ ಕೆಲಸ ಕೇಳಲು ಬಾಯಿ ಬರಲಿಲ್ಲ. "ಒಬ್ಬರಾದರೂ ನೋಡಲು ಕುಳಿತಿದ್ದರೆ ತಿಳಿಸಿಕೊಡು ತಾಯಿ" ಎಂದಷ್ಟೇ ಕೇಳಿ ಬಂದೆ.

ಮರುದಿನ ಹನ್ನೊಂದರ ಸುಮಾರಿಗೆ ಇಬ್ಬರು ಹೆಂಗಸರು ಗುಡ್ಡ ಹತ್ತಿ ಬಂದರು. ಹಿರಿಯಾಕೆಯ ತಲೆಯ ಮೇಲೆ ಕೌದಿಯಲ್ಲಿ ಸುತ್ತಿದ ಗಂಟು. ಜೊತೆಗೆ ಇಪ್ಪತ್ತರ ಹರೆಯದ ಮಗಳು. ಗಂಟು ಇಳಿಸಿ ಬಿಚ್ಚಿದರೆ ಸಣ್ಣದೊಂದು ಕಪ್ಪು ಬಿಳುಪು ಟಿ.ವಿ.

"ಟಿವಿ ಬಿಡಾವ್ರು ನೀವಽ ಏನ್ರಿ ಬಾಯಾರ?" ಎಂದರು ತಾಯಿ.

"ಹೌದ್ರಿ. ಯಾವೂರು?"

"ಮೇಳವಂಕಿರಿ. ಶನಿವಾರದಿಂದ ಇದರಾಗ ಬರೇ ಇರಬಿ ಹರದಾಡಾಕತ್ತಾವ. ಟಿವಿ ಕೆಟ್ಟೈತಿ ಅಂತ ಆಯಿತಾರ ಸಂಜೀಕ ಮೂಡಲಗಿಗಿ ಒಯ್ದಿದ್ವಿ. ಅಂವಾ ಬಿಚ್ಚಿ ನೋಡಿ, ಟಿವಿ ಗಟ್ಟಿಮುಟ್ಟ ಐತಿ, ಗುಡ್ಡದ ಮ್ಯಾಲಿನವ್ರನ್ನ ಕೇಳ್ರಿ ಅಂದಾ. ಅಲ್ಲೇ ತಂಗಿ ಮನ್ಯಾಗ ಎರಡ ರಾತ್ರಿ ಇದ್ದು ಈಗ ಬಂದ್ವಿ."

ಇರಬಿ ಎಂದರೆ ಇರುವೆ; ಚಿತ್ರವಿಲ್ಲದ ಪರದೆಯ ಮೇಲಿನ ಚುಕ್ಕಿಗಳಿಗೆ ಅವರಿಟ್ಟ ಹೆಸರು. ಮಗಳು ಶೋಭಾ ನನ್ನ ಮುಖವನ್ನೇ ನೋಡುತ್ತಿದ್ದಳು. ತಾಯಿ ಹೇಳಿದರು: "ಇಕಿಗಿ ಕಿವಿ ಕೇಳಂಗಿಲ್ರಿ. ಆಯಿತಾರಕ್ಕೊಮ್ಮೆ ಕೈ ಮಾಡಿ ಸುದ್ದಿ ಹೇಳ್ತಾರಲ್ರಿ, ಅದಕ್ಕ ವಾರಾ ಪೂರ್ತಿ ಕಾಯ್ತಾಳ. ನಮ್ಮ ಹೊಲದ ಮನಿಗಿ ಕೇಬಲ್ ತಂತಿ ಬರಂಗಿಲ್ಲ. ಮೊನ್ನಿ ಆಯಿತಾರ ಇರಬಿ ಮುಂದನ ಕುಂತಿದ್ಲು, ಎಷ್ಟ ಕರದ್ರೂ ಏಳ್ಲಿಲ್ರಿ."

ನಾನು ಟಿ.ವಿ.ಯನ್ನು ಅಲ್ಲಿಯೇ ಹಚ್ಚಿದೆ. ಚಿತ್ರ ಬಂತು. ತಾಯಿ, "ಅಯ್ಯ, ಇಲ್ಲಿ ಬಂದ ಕೂಡಲೆ ಶಾಣ್ಯಾ ಆತ ನೋಡ್ರಿ" ಎಂದು ನಕ್ಕರು. ಅಲ್ಲಿಗೆ ಬಿಟ್ಟಿದ್ದರೆ ಅವರು ಸಂತೋಷದಿಂದಲೇ ಇಳಿದು ಹೋಗುತ್ತಿದ್ದರು.

"ನಿಮ್ಮ ಟಿವಿ ಕೆಟ್ಟಿರಲಿಲ್ರಿ. ತಪ್ಪು ನಂದು. ಒಂದು ಗುಂಡಿ ತಿರುಗಿಸೋದು ಮರತಿದ್ದೆ," ಎಂದೆ.

ತಾಯಿ ಕೌದಿಯನ್ನು ಮತ್ತೆ ಟಿ.ವಿ.ಗೆ ಸುತ್ತತೊಡಗಿದರು. "ನಾವು ಹೊತಗೊಂಡು ಅಡ್ಯಾಡಿದ್ದು ಅದಕ್ಕೇನ್ರಿ?"

"ಹೌದ್ರಿ."

"ಆತು, ಇನ್ನ ಮರೀಬ್ಯಾಡ್ರಿ. ಈ ಹುಡುಗೀನ್ನ ಬ್ಯಾರೆ ಯಾರೂ ಮಾತಾಡ್ಸಂಗಿಲ್ಲ."

ಹೊರಡುವಾಗ ಅವರು ಸೆರಗಿನ ಗಂಟಿನಿಂದ ಒಂದು ಬೆಲ್ಲದ ತುಂಡು ತೆಗೆದು ನನ್ನ ಕೈಗಿಟ್ಟರು. ನನಗೆ ನಿಯಮವಿದೆ ಎಂದು ಹೇಳಿ ಕಣ್ಣಿಗೊತ್ತಿಕೊಂಡು ಶೋಭಾಳ ಕೈಗೆ ಕೊಟ್ಟೆ. ಪದ್ಮಾವತಿ ಅಮ್ಮ ಯಾವ ಬೇಡಿಕೆ ನಡೆಸಿಕೊಟ್ಟಿದ್ದಾಳೆ, ಯಾವುದನ್ನು ಬದಿಗಿಟ್ಟಿದ್ದಾಳೆ ಎಂದು ಆ ಕ್ಷಣಕ್ಕೆ ನನಗೆ ತಿಳಿಯಿತು.

ಅವರು ಇಳಿದು ಹೋದ ಮೇಲೆ ದಾಖಲೆ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ನಡೆದದ್ದನ್ನು ನಡೆದಂತೆ ಬರೆದೆ. ಗುರುವಾರ ಕಾಕಾ ಬಂದು ಓದಿದರು.

"ಇದು ಮ್ಯಾಲ ಹೋತಂದ್ರ ನಿನ್ನ ಆರ್ಡರ್ ಮುಂದ ಹೋಗಂಗಿಲ್ಲ, ಗೊತ್ತೈತಿಲ್ಲೊ?"

"ಗೊತ್ತೈತ್ರಿ ಕಾಕಾ."

ಅವರು ಪೆನ್ನಿನ ಟೋಪಿ ಬಿಚ್ಚಿದರು. "ನಾನೂ ಒಮ್ಮೆ ಇದನ್ನ ಮಾಡೇನಿ. ಬರದಿರಲಿಲ್ಲ," ಎಂದು ನನ್ನ ಸಹಿಯ ಕೆಳಗೆ ಸಹಿ ಹಾಕಿದರು.

ನನ್ನ ಆದೇಶ ಮುಂದುವರಿಯಲಿಲ್ಲ. ಕಾರಣ ಬರೆದಿರಲಿಲ್ಲ. ಸಂಕೇಶ್ವರಕ್ಕೆ ಹೋಗಿ, ಗಿರಾಕಿಗಳಿಲ್ಲದ ವೇಳೆ ನೋಡಿ ತಂದೆಗೆ ಎಲ್ಲ ಹೇಳಿದೆ. ಅವರು ಸೀರೆಯೊಂದನ್ನು ಮತ್ತೆ ಮತ್ತೆ ಮಡಚುತ್ತ ಕೇಳಿದರು: "ಎರಡ ದಿನಾ ಯಾರೂ ನೋಡ್ಲೇ ಇಲ್ಲೇನು?"

"ಒಬ್ಬಾಕಿ ನೋಡ್ಯಾಳ ಅಪ್ಪಾ."

"ಮತ್ತ ನಾ ಹೇಳಿದ್ದು ಪೂರಾ ಸುಳ್ಳಲ್ಲ ಬಿಡು," ಎಂದರು. ಮರುದಿನದಿಂದ ಅಂಗಡಿಯಲ್ಲಿ ನನ್ನ ಮಾತು ಎತ್ತಲಿಲ್ಲ. ಅದರ ನೋವು ನನಗೆ ಇನ್ನೂ ಇದೆ.

ಈಗ ಹುಕ್ಕೇರಿಯ ಒಂದು ತಾಂತ್ರಿಕ ಶಾಲೆಯಲ್ಲಿ ಕಲಿಸುತ್ತೇನೆ. ಇದೂ ತಾತ್ಕಾಲಿಕ, ಕೇಳಿದವರಿಗೆ ಹಾಗೆಯೇ ಹೇಳುತ್ತೇನೆ. ಕೆಲಸ ಕಾಯಂ ಆಗಲಿಲ್ಲವಾದ್ದರಿಂದ ಬೆಲ್ಲವನ್ನು ಇನ್ನೂ ಮುಟ್ಟಿಲ್ಲ. ಆದರೆ ಅಮ್ಮ ಕೇಳಿಸಿಕೊಳ್ಳಲಿಲ್ಲ ಎಂದು ನಾನು ಹೇಳಲಾರೆ. ಕೇಳಿದ ಮರುದಿನವೇ ಆಕೆ ಆ ಒಬ್ಬಳನ್ನು ಗುಡ್ಡ ಹತ್ತಿಸಿದಳು.

ಕಳೆದ ತಿಂಗಳು ಗೋಕಾಕದ ಬಸ್ ನಿಲ್ದಾಣದಲ್ಲಿ ಶೋಭಾ ದೂರದಿಂದಲೇ ನನ್ನ ಗುರುತು ಹಿಡಿದಳು. ಹತ್ತಿರ ಬಂದು ತಾಯಿಗೆ ನನ್ನನ್ನು ತೋರಿಸಿ ಐದೂ ಬೆರಳುಗಳನ್ನು ಇರುವೆಗಳಂತೆ ಹರಿದಾಡಿಸಿದಳು. ಆಮೇಲೆ ಅಂಗೈಯಿಂದ ಗಾಳಿಯನ್ನು ಒರೆಸಿ ಸ್ವಚ್ಛ ಮಾಡಿದಳು.

"ಅದು ನಿಮ್ಮ ಹೆಸರ್ರಿ ಬಾಯಾರ," ಎಂದರು ತಾಯಿ. "ನಮ್ಮ ಮನ್ಯಾಗ ನಿಮ್ಮನ್ನ ಹಂಗ ಕರಿತೀವಿ."